ಮೂರೆಳೆ ಜಡೆ: ಕಲಿಯುತ್ತಿರುವವರಿಗೆ ನನ್ನ ಟಿಪ್ಪಣಿ

ಹೋದ ಮಳೆಗಾಲದಲ್ಲಿ ಅಮ್ಮಮ್ಮನ ಬಲ ಭುಜ ಹಿಡಿದುಕೊಂಡಿತು. ಕೈ ಕಿವಿಯಿಂದ ಮೇಲೆ ಏಳಲೊಲ್ಲದು. ಅದೇ ಹೊತ್ತಿಗೆ ಅಕ್ಕನ ಮಗಳು ಕುಮಟಾದ ನಮ್ಮ ಮನೆಯಲ್ಲಿದ್ದು ನಾಲ್ಕನೇ ಕ್ಲಾಸಿಗೆ ಹೋಗಲು ಶುರುಮಾಡಿದಳು. ಎರಡು ಜಡೆ ಹಾಕಿ, ಮಡಚಿ, ಟೇಪು ಕಟ್ಟಿಕೊಂಡೇ ಬರಬೇಕೆಂದು ಶಾಲೆಯ ಕಟ್ಟಳೆ. ಹೆಗಲು ದಾಟಿ ಕೂದಲು ಬಿಟ್ಟೇ ಗೊತ್ತಿಲ್ಲದ ನನಗೆ ಒಂದೇ ತಿಂಗಳಲ್ಲಿ ಎರಡು ತಲೆ ಗಂಟುಬಿದ್ದವು. ಒಂದು ಎಪ್ಪತ್ತೆಂಟರ ನವಿರು ಬಿಳಿಕೂದಲು, ಇನ್ನೊಂದು ಒಂದು ಮುಷ್ಟಿಗೆ ಸಿಗದ ಕರಿ ಪೊದೆ. ಆಗ ಬರೆದಿಟ್ಟುಕೊಂಡದ್ದನ್ನು ನನ್ನ ಹಾಗೆ ತಡವಾಗಿ ಕಲಿಯುವವರಿಗಾಗಿ ಬಿಡಿಸಿ ಹೇಳುತ್ತಿದ್ದೇನೆ.

ಮೊದಲು ತಲೆಯ ಮೇಲೆ ಕಲಿಯಬೇಡಿ. ಹಳೇ ಸೀರೆಯ ಮೂರು ಪಟ್ಟಿ ಹರಿದು ಕಿಟಕಿ ಸರಳಿಗೆ ಕಟ್ಟಿ. ನನ್ನವು ಎಡಕ್ಕೆ ಕೆಂಪು, ನಡುವೆ ನೀಲಿ, ಬಲಕ್ಕೆ ಹಸಿರು. ನಿಯಮ ಒಂದೇ: ಅಂಚಿನ ಎಳೆ ನಡುವಿನದರ ಮೇಲೆ ಹಾದು ತಾನೇ ನಡುವಿನದಾಗಬೇಕು. ಒಮ್ಮೆ ಬಲದಿಂದ, ಒಮ್ಮೆ ಎಡದಿಂದ. ಹಸಿರನ್ನು ನೀಲಿಯ ಮೇಲೆ ದಾಟಿಸಿದರೆ ಕೆಂಪು‑ಹಸಿರು‑ನೀಲಿ ಆಗುತ್ತದೆ. ಈಗ ಎಡದ ಕೆಂಪು ಹಸಿರಿನ ಮೇಲೆ: ಹಸಿರು‑ಕೆಂಪು‑ನೀಲಿ. ಹೀಗೇ ಮುಂದುವರಿದರೆ ಹಸಿರು‑ನೀಲಿ‑ಕೆಂಪು, ನೀಲಿ‑ಹಸಿರು‑ಕೆಂಪು, ನೀಲಿ‑ಕೆಂಪು‑ಹಸಿರು, ಆರನೇ ದಾಟಿಗೆ ಮತ್ತೆ ಕೆಂಪು‑ನೀಲಿ‑ಹಸಿರು. ಆರು ದಾಟಿಗೆ ಮೂರೂ ಎಳೆ ಹೊರಟ ಜಾಗಕ್ಕೇ ವಾಪಸು. ಆರನೆಯದರಲ್ಲಿ ಬಣ್ಣ ತಾಳೆಯಾಗದಿದ್ದರೆ ಎಲ್ಲೋ ಎಡವಿದ್ದೀರಿ, ಬಿಚ್ಚಿ. (ಎಳೆಗಳು ಹೀಗೆ ಒಂದನ್ನೊಂದು ದಾಟುವ ಲೆಕ್ಕಕ್ಕೆ ಗಣಿತದಲ್ಲಿ ಒಂದು ಶಾಖೆಯೇ ಇದೆ. ಎಮಿಲ್ ಆರ್ಟಿನ್ ಎಂಬವರು 1920ರ ದಶಕದಲ್ಲಿ ಶುರುಮಾಡಿದ್ದು. ಇದನ್ನು ಹೇಳಿದಾಗ ಅಮ್ಮಮ್ಮ ನಂಬಲಿಲ್ಲ.)

ಕೂದಲಿಗೆ ಬಣ್ಣವಿಲ್ಲವಲ್ಲ, ನಡುವೆ ಯಾರೋ ಕರೆದರು, ಎಲ್ಲಿದ್ದೆ ಎಂದು ಮರೆತುಹೋಯಿತು. ಆಗ ನಡುವಿನ ಎಳೆಯ ಅಡಿಯಿಂದ ಯಾವ ಬದಿಯ ಎಳೆ ಹೊರಗೆ ಬರುತ್ತಿದೆ ನೋಡಿ. ಆ ಬದಿಯ ಸರದಿ ಮುಗಿದಿದೆ, ಈಗ ಎದುರು ಬದಿಯದು. ಒಂದೇ ಬದಿಯಿಂದ ಎರಡು ಸಲ ದಾಟಿಸಿದರೆ ಎರಡು ಎಳೆ ಹಗ್ಗದಂತೆ ಹೊಸೆದುಕೊಂಡು ಮೂರನೆಯದು ಬೇರೆಯೇ ನೇತಾಡುತ್ತದೆ. ನನ್ನ ಮೊದಲ ವಾರದ ಜಡೆಗಳೆಲ್ಲ ಹಾಗೇ ಇದ್ದವು.

ಬೆರಳಾಟ ಎರಡು ದಿನದಲ್ಲಿ ಬಂತು. ಜಡೆ ಮಾತ್ರ ಶಾಲೆ ಮುಟ್ಟುವ ಮೊದಲೇ ಸಡಿಲಾಗುತ್ತಿತ್ತು. ತಪ್ಪು ಸಿಕ್ಕಿದ್ದು ಅಮ್ಮಮ್ಮನ ತಲೆಯಲ್ಲಿ. ತೆಳು ಕೂದಲು, ನಾನು ಎಳೆ ದಾಟಿಸುವ ಕೈಯನ್ನೇ ನೋಡಿಕೊಂಡು ಬಿಗಿಯಾಗಿ ಜಗ್ಗುತ್ತಿದ್ದೆ. "ಎಳಿಯಡ್ದೇ ಕೂಸೆ, ನೋವಾಗ್ತು" ಎಂದರು. ಆಮೇಲೆ ತಮ್ಮ ಎಡಗೈಯನ್ನು ಹಿಂದಕ್ಕೆ ತಂದು ನನ್ನ ಎಡಗೈಯ ಮೇಲಿಟ್ಟು, ಸುಮ್ಮನಿದ್ದ ಆ ಕೈಯ ಎರಡು ಎಳೆಗಳನ್ನು ಬೆರಳ ಸಂದಿಯಲ್ಲಿ ಒತ್ತಿಸಿದರು. ಜಡೆ ನಿಲ್ಲುವುದು ಆ ಕೈಯಿಂದ. ಒಂದು ಕೈ ದಾಟಿಸುವಾಗ ಇನ್ನೊಂದು ಕೈ ತನ್ನ ಎರಡು ಎಳೆಗಳನ್ನು ತೋರುಬೆರಳು, ನಡುಬೆರಳುಗಳಲ್ಲಿ ಬೇರೆಬೇರೆಯಾಗಿ ಹಿಡಿದು ಬಿಗಿ ಬಿಡದೆ ಕಾಯುತ್ತಿರಬೇಕು. ಎಷ್ಟು ಬಿಗಿ ಎಂದರೆ, ಎಳೆ ನೇರ ನಿಲ್ಲಬೇಕು, ಹಣೆಯ ಚರ್ಮ ಮೇಲೇಳಬಾರದು. ಹಣೆಯಂಚು, ಕೆನ್ನೆಪಕ್ಕದಲ್ಲಿ ನೋವು ಅಥವಾ ಸಣ್ಣ ಗುಳ್ಳೆ ಕಂಡರೆ ಜಡೆ ಅತಿ ಬಿಗಿಯಾಗಿದೆ ಎಂದೇ ಅರ್ಥ. ದಿನಾ ಹಾಗೇ ಎಳೆದು ಕಟ್ಟಿದರೆ ಅಲ್ಲಿ ಕೂದಲು ಉದುರುತ್ತದೆ. ಬೇಗ ಸಡಿಲಿಸಿದರೆ ಮತ್ತೆ ಬರುತ್ತದೆ, ವರ್ಷಗಟ್ಟಲೆ ಮುಂದುವರಿದರೆ ಬರುವುದಿಲ್ಲ. ಇದಕ್ಕೆ ಡಾಕ್ಟರುಗಳು ಟ್ರಾಕ್ಷನ್ ಅಲೋಪೇಶಿಯಾ ಎನ್ನುತ್ತಾರೆ.

ಇನ್ನೊಂದು ತಪ್ಪು ಅಕ್ಕನ ಮಗಳದ್ದು, ಅಂದರೆ ನನ್ನದೇ. ಅವಳು ಮಗ್ಗಿ ಪುಸ್ತಕಕ್ಕೆ ತಲೆ ಬಗ್ಗಿಸಿ ಕೂತಿರುತ್ತಿದ್ದಳು, ನಾನು ಹಾಗೇ ಹೆಣೆಯುತ್ತಿದ್ದೆ. ತಲೆ ಎತ್ತಿದ ಕೂಡಲೇ ಕುತ್ತಿಗೆಯ ಹತ್ತಿರ ಕೂದಲು ಜೋಲಿ ಹೊಡೆದು ಬೆರಳು ತೂರುವಷ್ಟು ಸಂದಿ. ತಲೆ ಬಗ್ಗಿದಾಗ ಹಿಂಗುತ್ತಿಗೆಯ ಚರ್ಮ ಉದ್ದಕ್ಕೆ ಎಳೆದುಕೊಂಡಿರುತ್ತದೆ, ಎತ್ತಿದಾಗ ಆ ಉದ್ದವೆಲ್ಲ ಮಿಗುತ್ತದೆ. ಈಗ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಮಗ್ಗಿ ಹೇಳಿಸುತ್ತೇನೆ. ಕೈಗಳೂ ಕುತ್ತಿಗೆಗೆ ಅಂಟಿಕೊಂಡಂತೆ ಇರಬೇಕು. ನಮ್ಮ ಹೊಟ್ಟೆಯ ಕಡೆಗೆ ಎಳೆದುಕೊಂಡು ಹೆಣೆದರೆ ಬುಡ ಸಡಿಲಾಗುತ್ತದೆ.

ಸಿಕ್ಕು ಬಿಡಿಸುವುದು ತುದಿಯಿಂದ ಬುಡಕ್ಕೆ, ಸಿಕ್ಕಿನ ಮೇಲ್ಗಡೆ ಕೂದಲನ್ನು ಮುಷ್ಟಿಯಲ್ಲಿ ಹಿಡಿದು, ಅಗಲ ಹಲ್ಲಿನ ಹಣಿಗೆಯಲ್ಲಿ. ಆಮೇಲೆ ಬೈತಲೆ. ಎರಡು ಜಡೆಗಾದರೆ ಹಣಿಗೆಯ ಮೂಲೆಯಿಂದ ಮೂಗಿನ ನೇರಕ್ಕೆ ಗೆರೆ ಹಿಡಿದು ನಡುಕುತ್ತಿಗೆಗೆ ಇಳಿಸಿ. ಹಿಂದಿನ ಅರ್ಧವನ್ನು ಅಂದಾಜಿನಲ್ಲಿ ಸೀಳಿದರೆ ಒಂದು ಜಡೆ ದಪ್ಪ, ಒಂದು ಬಾಲ.

ಮಳೆಗಾಲದ ಮಾತು ಬೇರೆ ಹೇಳಬೇಕು. ಕರಾವಳಿಯ ಆಷಾಢದಲ್ಲಿ ತಲೆ ಮಿಂದರೆ ಸಂಜೆಯಾದರೂ ಒಳಗಿನ ಕೂದಲು ಒಣಗುವುದಿಲ್ಲ. ಹಸಿ ಕೂದಲು ಹೆಣೆಯಲು ಸುಲಭ, ಜಾರುವುದಿಲ್ಲ. ಆದರೆ ನೀರು ಹೊಕ್ಕಾಗ ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿನ ಒಳಗಿನ ಹೈಡ್ರೋಜನ್ ಬಂಧಗಳು ಸಡಿಲಾಗಿ ಕೂದಲು ಜಗ್ಗಿದಷ್ಟೂ ಉದ್ದವಾಗುತ್ತದೆ, ಬೇಗ ತುಂಡಾಗುತ್ತದೆ. ಒಣಗುತ್ತಾ ಆ ಬಂಧಗಳು ಹೊಸ ಆಕಾರದಲ್ಲೇ ಕೂಡಿಕೊಳ್ಳುವುದರಿಂದ ಬಿಚ್ಚಿದಾಗ ಅಲೆ ಅಲೆ ಕಾಣುತ್ತದೆ. ಅದು ಬೇಕಿದ್ದವರು ಸ್ವಲ್ಪ ತೇವದಲ್ಲಿ ಸಡಿಲ ಜಡೆ ಹಾಕಿಕೊಳ್ಳಲಿ. ಬುಡ ಹಸಿಯಿದ್ದಾಗ ಕಟ್ಟಿದರೆ ಮುಗ್ಗಲು ವಾಸನೆ ಖಂಡಿತ. ನಮ್ಮಲ್ಲಿ ಬಚ್ಚಲ ಒಲೆಯ ಮುಂದೆ ಬೆನ್ನು ಮಾಡಿ ಕೂರಿಸುವುದೇ ಡ್ರೈಯರ್. ಭಾನುವಾರ ದಾಸವಾಳ ಸೊಪ್ಪಿನ ಗೊಂಪು (ಲೋಳೆ) ಹಾಕಿ ಮಿಂದ ಕೂದಲು ಅಂದು ನುಣ್ಣಗೆ ಜಾರುತ್ತದೆ. ಮರುದಿನ ಅಂಗೈಗೆ ನಾಲ್ಕು ಹನಿ ತೆಂಗಿನೆಣ್ಣೆ ಸವರಿಕೊಂಡು ಹೆಣೆದರೆ ಹಿಡಿತ ಸಿಗುತ್ತದೆ. ತೆಂಗಿನೆಣ್ಣೆ ಕೂದಲಿನ ಒಳಕ್ಕೂ ಇಳಿಯುತ್ತದೆ, ಮಿನರಲ್ ಎಣ್ಣೆ ಮೇಲಷ್ಟೇ ಉಳಿಯುತ್ತದೆ.

ಫ್ರೆಂಚ್ ಜಡೆ ಮೂರೆಳೆಯದೇ ಮುಂದುವರಿಕೆ. ನೆತ್ತಿಯಲ್ಲಿ ಸಣ್ಣ ಮೂರು ಎಳೆಯಿಂದ ಶುರುಮಾಡಿ, ಪ್ರತಿ ಸಲ ದಾಟಿಸುವ ಮೊದಲು ಆ ಬದಿಯ ಬುಡದಿಂದ ಒಂದಿಷ್ಟು ಕೂದಲು ಸೇರಿಸಿಕೊಳ್ಳುವುದು. ಮೇಲಿನ ಬದಲು ಅಡಿಯಿಂದ ದಾಟಿಸಿದರೆ ಜಡೆ ಉಬ್ಬಿ ನಿಲ್ಲುತ್ತದೆ, ಅದಕ್ಕೆ ಡಚ್ ಎನ್ನುತ್ತಾರೆ. ನಿಮ್ಮದೇ ತಲೆಗೆ ಹಾಕಿಕೊಳ್ಳುವಾಗ ಕನ್ನಡಿ ಬೇಡ, ಎಡ ಬಲ ಗೊಂದಲವಾಗುತ್ತದೆ, ಕಣ್ಣು ಮುಚ್ಚಿದರೆ ಬೆರಳೇ ದಾರಿ ಹುಡುಕುತ್ತದೆ.

ಹೂವು ಮುಡಿಸುವುದು ಕೊನೆಗೆ. ಅಬ್ಬಲಿಗೆ ಹಗುರ, ಯಾವ ಜಡೆಯಲ್ಲೂ ನಿಲ್ಲುತ್ತದೆ. ಭಟ್ಕಳ ಮಲ್ಲಿಗೆಯ ದಂಡೆ ಒತ್ತೊತ್ತಾಗಿದ್ದು ಭಾರ, ಅದರ ದಾರವನ್ನು ಪಿನ್ನಿಗೆ ಸಿಕ್ಕಿಸಿ ಜಡೆಯ ಮೊದಲ ಹೆಣಿಗೆಯ ಒಳಗೆ ತೂರಿಸಬೇಕು. ಹೂವಿಗೇ ಪಿನ್ ಚುಚ್ಚಿದರೆ ಮಧ್ಯಾಹ್ನಕ್ಕೆ ಕಪ್ಪಾಗುತ್ತದೆ. ಅಮ್ಮಮ್ಮನಿಗೆ ಇಷ್ಟವಾದದ್ದು ಬೇಸಿಗೆಯ ಸುರಗಿ, ಒಣಗಿದ ಮೇಲೂ ಪರಿಮಳ ಬಿಡದ ಹೂವು. ನಾನು ಇಪ್ಪತ್ತು ನಿಮಿಷ ಹೆಣೆದ ಜಡೆಯನ್ನು ಅವರು ಎಡಗೈಯೊಂದರಲ್ಲೇ ಸುತ್ತಿ ತುರುಬು ಮಾಡಿ ಅದರೊಳಗೆ ಸುರಗಿ ಸಿಕ್ಕಿಸಿಕೊಳ್ಳುತ್ತಾರೆ. ಜಡೆ ಯಾರಿಗೂ ಕಾಣುವುದಿಲ್ಲ.

ನಾಲ್ಕೆಳೆ ಜಡೆ ನನಗಿನ್ನೂ ಕೂಡಿಬಂದಿಲ್ಲ. ಕಿಟಕಿ ಸರಳಿಗೆ ಈಗ ಹಳದಿ ಪಟ್ಟಿಯೊಂದು ಸೇರಿದೆ.