ಎಲ್ಲವೂ ಎಲ್ಲಕ್ಕಿಂತ ಜೋರಾಗಿ!

ಬ್ರಿಟನ್ನಿನ ರಾಕ್ ತಂಡ ಡೀಪ್ ಪರ್ಪಲ್‌ನ ‘ಮೇಡ್ ಇನ್ ಜಪಾನ್’ ಲೈವ್ ಆಲ್ಬಂನಲ್ಲಿ ಹಾಡುಗಳ ಮಧ್ಯೆ ಒಂದು ಸಣ್ಣ ಮಾತು ಬರುತ್ತದೆ. ಹಾಡುವವರಿಗೆ ತಮ್ಮ ದನಿ ತಮಗೇ ಕೇಳಿಸಲಿ ಅಂತ ಸ್ಟೇಜ್ ಮೇಲೆ ಇಡೋ ಮಾನಿಟರ್ ಸ್ಪೀಕರ್‌ಗಳಲ್ಲಿ ಇನ್ನೂ ಸ್ವಲ್ಪ ಸೌಂಡ್ ಬೇಕಂತೆ. ಎಲ್ಲವನ್ನೂ ಎಲ್ಲಕ್ಕಿಂತ ಜೋರಾಗಿ ಕೊಡೋಕಾಗುತ್ತಾ ಅಂತ ಗಾಯಕ ಇಯಾನ್ ಗಿಲ್ಲನ್ ಕೇಳುತ್ತಾರೆ. ತಮಾಷೆಗೆ ಹೇಳಿದ್ದೇ. ಆದರೆ ಈ ಅಸಾಧ್ಯವಾದ ಬೇಡಿಕೆಯನ್ನು ಅದೇ ಆಲ್ಬಂ ಮುಕ್ಕಾಲು ಪಾಲು ಈಡೇರಿಸಿದೆ ಅನ್ನೋದು ನನ್ನ ವಾದ.

ಮೊದಲು ಹಿನ್ನೆಲೆ. 1972ರ ಆಗಸ್ಟ್ 15 ಮತ್ತು 16ರಂದು ಒಸಾಕಾದ ಫೆಸ್ಟಿವಲ್ ಹಾಲ್, 17ರಂದು ಟೋಕಿಯೊದ ಬುಡೋಕಾನ್, ಆಲ್ಬಂ ರೆಕಾರ್ಡ್ ಆದದ್ದು ಈ ಮೂರು ಕಾರ್ಯಕ್ರಮಗಳಲ್ಲಿ. ಲೈವ್ ಆಲ್ಬಂ ಬೇಕು ಅಂದಿದ್ದು ಜಪಾನಿನ ರೆಕಾರ್ಡ್ ಕಂಪನಿ, ತಂಡಕ್ಕೆ ಅಷ್ಟೇನೂ ಆಸಕ್ತಿ ಇರಲಿಲ್ಲ. ತಮ್ಮದೇ ಎಂಜಿನಿಯರ್ ಮಾರ್ಟಿನ್ ಬರ್ಚ್ ಬರಬೇಕು ಅನ್ನೋ ಷರತ್ತಿನ ಮೇಲೆ ಒಪ್ಪಿಕೊಂಡರು. ಜಪಾನಿನಲ್ಲಿ ಮಾತ್ರ ಬಿಡೋಣ ಅಂದುಕೊಂಡಿದ್ದ ಡಬಲ್ ಎಲ್‌ಪಿ (ಎರಡು ಗ್ರಾಮಫೋನ್ ತಟ್ಟೆಗಳ ಆಲ್ಬಂ) ಕೊನೆಗೆ ಬೇರೆ ದೇಶಗಳಲ್ಲೂ ಬಂತು.

ಸರಿ, ಸ್ಟೇಜ್ ಮೇಲೆ ಎಲ್ಲರ ಸೌಂಡನ್ನೂ ಏರಿಸಿದರೆ ಏನಾಗುತ್ತದೆ? ಆಂಪ್ಲಿಫೈಯರ್‌ನ ಶಕ್ತಿ ಎರಡು ಪಟ್ಟಾದರೆ ಶಬ್ದದ ಅಳತೆಯಾದ ಡೆಸಿಬೆಲ್ ಏರುವುದು ಬರೀ 3. ನಮ್ಮ ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಹತ್ತು ಪಟ್ಟು ಶಕ್ತಿ. ಅಷ್ಟೆಲ್ಲ ಸುರಿದ ಮೇಲೂ ಗಿಟಾರ್ ಮತ್ತು ಗಾಯಕನ ದನಿಯ ನಡುವಿನ ಅಂತರ ಇದ್ದಲ್ಲೇ ಇರುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ಎಲ್ಲರೂ ಒಬ್ಬರಿಗಿಂತ ಒಬ್ಬರು ಜೋರಾಗಿ ಮಾತಾಡಿ ಕೊನೆಗೆ ಯಾರ ಮಾತೂ ಯಾರಿಗೂ ಕೇಳಿಸದ ಹಾಗೆ.

ಇದ್ದಲ್ಲೇ ಇದ್ದರೂ ಪರವಾಗಿಲ್ಲ, ನಿಜವಾಗಿ ಇನ್ನೂ ಕೆಡುತ್ತದೆ! ಕಾರಣ ಕಿವಿಯೊಳಗಿನ ಶಂಖ, ಕಾಕ್ಲಿಯಾ. ಅದರ ಬಾಗಿಲ ಹತ್ತಿರದ ಭಾಗ ಕೀಚಲು ದನಿಗಳನ್ನು ಹಿಡಿಯುತ್ತದೆ, ತೀರಾ ಒಳತುದಿ ಗಡಸು ದನಿಗಳನ್ನು. ಹಾಗಾಗಿ ಬೇಸ್ ಗಿಟಾರಿನ ಅಲೆ ಒಳತುದಿಗೆ ಹೋಗೋ ದಾರಿಯಲ್ಲಿ ಬಾಗಿಲ ಕಡೆಯ ಭಾಗಗಳನ್ನೂ ಅಲ್ಲಾಡಿಸಿಕೊಂಡೇ ಹೋಗಬೇಕು. ಶಬ್ದ ಜೋರಾದಷ್ಟೂ ಈ ಅಲ್ಲಾಟ ಜಾಸ್ತಿ, ಮೇಲಿನ ಸ್ವರಗಳು ಮುಚ್ಚಿಹೋಗುವುದೂ ಜಾಸ್ತಿ. ಅದರ ಮೇಲೆ ತಂಡದ ಕೀಬೋರ್ಡ್ ವಾದಕ ಜಾನ್ ಲಾರ್ಡ್ ತಮ್ಮ ಹ್ಯಾಮಂಡ್ ಆರ್ಗನ್ ಅನ್ನು ಗಿಟಾರಿನವರು ಬಳಸೋ ಮಾರ್ಷಲ್ ಆಂಪ್ಲಿಫೈಯರ್‌ಗೇ ಸಿಕ್ಕಿಸಿ ಒರಟು ಮಾಡಿಕೊಂಡಿದ್ದರು. ಒರಟಾದ ದನಿ ಅಂದರೆ ಹೊಸದಾಗಿ ಹುಟ್ಟಿದ ಮೇಲಿನ ಸ್ವರಗಳು, ಅವು ನೇರ ರಿಚಿ ಬ್ಲಾಕ್‌ಮೋರ್ ಗಿಟಾರಿನ ಜಾಗಕ್ಕೇ ನುಗ್ಗುತ್ತವೆ. ತಾವೇ ಮಾಡಿಕೊಂಡ ಕಷ್ಟ, ಆದರೆ ಆ ದನಿ ಇಲ್ಲದ ಡೀಪ್ ಪರ್ಪಲ್ ಯಾರಿಗೆ ಬೇಕು?

ಗಾಯಕನ ಮಾನಿಟರ್ ಒಂದನ್ನೇ ಏರಿಸಬಹುದಲ್ವಾ? ಸ್ವಲ್ಪ ಮಟ್ಟಿಗೆ ಮಾತ್ರ. ಮಾನಿಟರ್‌ನ ದನಿ ಮೈಕಿಗೆ ವಾಪಸ್ ಹೋಗಿ, ಆಂಪ್ಲಿಫೈಯರ್‌ನಲ್ಲಿ ಹಿಗ್ಗಿ, ಮತ್ತೆ ಮಾನಿಟರ್‌ಗೆ ಬರುತ್ತದೆ. ಪ್ರತಿ ಸುತ್ತಿನಲ್ಲೂ ಅದು ಒಂಚೂರು ಬೆಳೆಯಿತು ಅಂದರೆ ಕುಂಯ್ ಅನ್ನೋ ಕೂಗು ಶುರು.

ಅದೇ 1972ರಲ್ಲಿ ಲಂಡನ್ನಿನ ರೇನ್‌ಬೋ ಥಿಯೇಟರ್‌ನಲ್ಲಿ ಈ ತಂಡದ ಸದ್ದು 117 ಡೆಸಿಬೆಲ್ ಮುಟ್ಟಿತ್ತು ಅಂತ ಗಿನ್ನೆಸ್ ಪುಸ್ತಕದಲ್ಲಿ ದಾಖಲಾಯಿತು. 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ, ಮುಂದೆ ಪ್ರತಿ 3 ಡೆಸಿಬೆಲ್‌ಗೆ ಅದರಲ್ಲಿ ಅರ್ಧ ಅನ್ನೋ ಲೆಕ್ಕ ಹಿಡಿದರೆ 117ರಲ್ಲಿ ಕಿವಿಗೆ ಹಾನಿಯಾಗದ ಹಾಗೆ ಕೇಳಲು ಸಿಗುವ ಸಮಯ 20 ಸೆಕೆಂಡೂ ಇಲ್ಲ. ‘ಸ್ಪೇಸ್ ಟ್ರಕಿನ್’ ಹಾಡು ಎಲ್‌ಪಿಯ ಒಂದಿಡೀ ಬದಿಯನ್ನು ತಿನ್ನುತ್ತದೆ, ಸುಮಾರು 20 ನಿಮಿಷ!

ಇನ್ನು ಬರ್ಚ್ ವಿಷಯ. ಅವರ ಹತ್ತಿರ ಇದ್ದದ್ದು 8 ಟ್ರ್ಯಾಕ್‌ಗಳ, ಅಂದರೆ ಎಂಟು ದನಿಗಳನ್ನು ಬೇರೆಬೇರೆಯಾಗಿ ಹಿಡಿಯೋ ಟೇಪ್ ಯಂತ್ರ. ಇಂಥ ರೆಕಾರ್ಡಿಂಗ್‌ನ ಗುಟ್ಟು ಮೈಕ್ ಎಷ್ಟು ದೂರ ಇದೆ ಅನ್ನೋದರಲ್ಲಿದೆ. ಡ್ರಮ್‌ನಿಂದ 5 ಸೆಂಟಿಮೀಟರ್ ದೂರದಲ್ಲಿ ಮೈಕ್ ಇದೆ, ಗಿಟಾರಿನ ಆಂಪ್ಲಿಫೈಯರ್ 3 ಮೀಟರ್ ಆಚೆ ಇದೆ ಅನ್ನಿ. ದೂರ 60 ಪಟ್ಟು. ಶಬ್ದದ ತೀವ್ರತೆ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಅಂದರೆ ಎರಡೂ ಸಮನಾಗಿ ಜೋರಾಗಿದ್ದರೆ ಆ ಮೈಕಿಗೆ ಗಿಟಾರ್ ತಲುಪುವುದು 3,600ರಲ್ಲಿ ಒಂದು ಪಾಲು. ಹಾಲ್‌ನ ಗೋಡೆಗಳಿಂದ ವಾಪಸ್ ಬರೋ ಸದ್ದು ಈ ಲೆಕ್ಕವನ್ನು ಒಂದಿಷ್ಟು ಹಾಳು ಮಾಡುತ್ತದೆ ನಿಜ, ಆದರೂ ಸ್ಟೇಜ್ ಮೇಲೆ ಕಲಸಿಹೋಗಿದ್ದ ದನಿಗಳು ಟೇಪಿನಲ್ಲಿ ಬಹುಮಟ್ಟಿಗೆ ಬೇರೆಬೇರೆಯಾಗಿ ಸಿಗುತ್ತವೆ.

ಆಮೇಲೆ ಸ್ಟೀರಿಯೊ, ಅಂದರೆ ಎಡಕ್ಕೂ ಬಲಕ್ಕೂ ಬೇರೆಬೇರೆ ಶಬ್ದ. ಈ ಆಲ್ಬಂನಲ್ಲಿ ಆರ್ಗನ್ ಒಂದು ಪಕ್ಕ, ಗಿಟಾರ್ ಇನ್ನೊಂದು ಪಕ್ಕ, ದನಿ ನಡುವೆ. ಎರಡು ಶಬ್ದ ಬೇರೆಬೇರೆ ದಿಕ್ಕಿನಿಂದ ಬಂದರೆ ಮಿದುಳು ಅವನ್ನು ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಒಂದೇ ಕಡೆಯಿಂದ ಬಂದಿದ್ದರೆ ಮುಚ್ಚಿಹೋಗುತ್ತಿದ್ದ ಸ್ವರ, ದಿಕ್ಕು ಬದಲಾದ ಮಾತ್ರಕ್ಕೆ ಎದ್ದು ಕೇಳಿಸುತ್ತದೆ, ಒಂದು ಡೆಸಿಬೆಲ್ಲೂ ಏರಿಸದೆ! ನಂಬಿಕೆ ಬರದಿದ್ದರೆ ‘ಹೈವೇ ಸ್ಟಾರ್’ ಅನ್ನು ಮೊದಲು ಹೆಡ್‌ಫೋನಿನಲ್ಲಿ ಕೇಳಿ, ಆಮೇಲೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮೊನೊ (ಎರಡೂ ಕಿವಿಗೆ ಒಂದೇ ಶಬ್ದ) ಆನ್ ಮಾಡಿ ಕೇಳಿ. ಮೊನೊದಲ್ಲಿ ಆರ್ಗನ್ ಮತ್ತು ಗಿಟಾರ್ ಜಗಳಕ್ಕೆ ಬೀಳುತ್ತವೆ.

ನಿಜಕ್ಕೂ ಎಲ್ಲವನ್ನೂ ಜೋರು ಮಾಡೋ ಇನ್ನೊಂದು ದಾರಿ ಆಮೇಲೆ ಬಂತು, ನನಗದು ಸ್ವಲ್ಪವೂ ಇಷ್ಟವಿಲ್ಲ. ಡಿಜಿಟಲ್‌ನಲ್ಲಿ ಶಬ್ದಕ್ಕೆ ಒಂದು ಮೇಲ್ಮಿತಿ ಇದೆ, ಅದನ್ನು ದಾಟೋ ಹಾಗಿಲ್ಲ. ಹಾಗಾಗಿ 1990ರ ದಶಕದಿಂದ ಎಷ್ಟೋ ಹಳೇ ರಾಕ್ ಆಲ್ಬಂಗಳ ಮರುಬಿಡುಗಡೆಯಲ್ಲಿ ಜೋರಾದ ತುದಿಗಳನ್ನು ಒತ್ತಿ, ಮಿಕ್ಕಿದ್ದನ್ನೆಲ್ಲ ಮೇಲಕ್ಕೆ ಎಳೆದರು. ಅಂಗಡಿಯಲ್ಲಿ ಹಾಕಿ ತೋರಿಸಿದಾಗ ಅಬ್ಬರವಾಗಿ ಕೇಳಿಸುತ್ತದೆ, ಸರಿ. ಆದರೆ ‘ಚೈಲ್ಡ್ ಇನ್ ಟೈಮ್’ನಂಥ ಹಾಡು ಪಿಸುಮಾತಿನ ಹಾಗೆ ಶುರುವಾಗಿ ಗಿಲ್ಲನ್‌ರ ಕಿರುಚಾಟಕ್ಕೆ ಏರಬೇಕು, ಶುರುವಿನಲ್ಲೇ ಅರ್ಧ ಮೆಟ್ಟಿಲು ಹತ್ತಿಸಿಬಿಟ್ಟರೆ ಅವರು ಕಿರುಚುವ ಹೊತ್ತಿಗೆ ಹತ್ತಲು ಉಳಿಯುವುದೇನು?