ನಡುಮನೆ ಗೋಡೆ ಮೇಲಿನ ಪೆನ್ಸಿಲ್ ಗೀಟುಗಳು

ತೀರ್ಥಹಳ್ಳಿ ಕಡೆ ನಮ್ಮ ಹಳೇ ಮನೆಯ ನಡುಮನೆ ಗೋಡೆ ಮೇಲೆ ಒಂದರ ಮೇಲೊಂದು ಪೆನ್ಸಿಲ್ ಗೀಟುಗಳಿವೆ. ಬಂದ ನೆಂಟರು ಮಕ್ಕಳ ಎತ್ತರ ಅಳೆದಿದ್ದು ಅನ್ಕೋತಾರೆ, ಅಲ್ಲ, ಗೋಡೆ ಥಂಡಿ, ಅಂದ್ರೆ ತೇವ, ಎಲ್ಲೀತನಕ ಏರಿದೆ ಅಂತ ದೊಡ್ಡಪ್ಪ ಪ್ರತಿ ಶ್ರಾವಣದಲ್ಲಿ ಹಾಕಿಟ್ಟ ಗುರುತು ಅದು. ಕೆಲವು ವರ್ಷದ ಹಿಂದೆ ಮನೆ ರಿಪೇರಿ ಮಾಡಿಸಿದಾಗ ಹಳೇ ಗಾರೆ ಎಲ್ಲಾ ಕಿತ್ತು ನೀಟಾಗಿ ಸಿಮೆಂಟ್ ಪ್ಲಾಸ್ಟರ್ ಹೊಡೆಸಿದ್ವಿ, "ಇನ್ನು ನೂರು ವರ್ಷ ತಿರುಗಿ ನೋಡೋ ಹಂಗಿಲ್ಲ" ಅಂದಿದ್ರು ಮೇಸ್ತ್ರಿ, ಎರಡನೇ ಮಳೆಗಾಲಕ್ಕೇ ಗೋಡೆ ಬೆವರೋಕೆ ಶುರು. ಮೊದಲು ಮೊಣಕಾಲ ಮಟ್ಟ, ಆಮೇಲೆ ಸೊಂಟದ ಮಟ್ಟ.

ಯಾಕೆ ಹಿಂಗಾಯ್ತು ಅಂತ ಅರ್ಥ ಆಗ್ಬೇಕಾದ್ರೆ ಕಲ್ಲಿನಿಂದಾನೇ ಶುರು ಮಾಡ್ಬೇಕು. ನಮ್ಮ ಗೋಡೆ ಜಂಬಿಟ್ಟಿಗೆದು. ಲಕ್ಷಾಂತರ ವರ್ಷ ಮಳೆ ಸುರಿದು ಸುರಿದು ಬಂಡೆಯಲ್ಲಿದ್ದ ಸಿಲಿಕಾ, ಸುಣ್ಣದಂಶ ಎಲ್ಲಾ ತೊಳೆದುಹೋಗಿ, ನೀರಲ್ಲಿ ಕರಗದ ಕಬ್ಬಿಣ ಮತ್ತೆ ಅಲ್ಯೂಮಿನಿಯಂ ಆಕ್ಸೈಡ್ ಉಳ್ಕೊಂಡಿದ್ದೇ ಈ ಕಲ್ಲು, ಕೆಂಪು ಬಣ್ಣ ಆ ಕಬ್ಬಿಣದ್ದು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಎಲ್ಲಾ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ, ಲ್ಯಾಟಿನ್ನಿನಲ್ಲಿ ಲೇಟರ್ ಅಂದ್ರೆ ಇಟ್ಟಿಗೆ. ನಮ್ಮ ಹೆಸರಲ್ಲೂ ಇಟ್ಟಿಗೆ ಕೂತಿದೆ ನೋಡಿ! ನೆಲದಿಂದ ಎಬ್ಬಿಸುವಾಗ ಮೆತ್ತಗಿರುತ್ತೆ, ಕೈಯುಳಿಗೇ ಬಗ್ಗುತ್ತೆ, ಗಾಳಿ ಬಿಸಿಲಿಗೆ ಇಟ್ರೆ ಒಳಗಿನ ತೇವ ಆರಿ ಕಬ್ಬಿಣದಂಶ ಹರಳುಗಟ್ಟಿ ಗಟ್ಟಿಯಾಗುತ್ತೆ. ಅದಕ್ಕೇ ಹಿಂದಿನವರು ಕಡಿದ ಕೂಡ್ಲೇ ಕಟ್ತಿರಲಿಲ್ಲ, ಕಲ್ಲನ್ನ ಆರೋಕೆ ಬಿಡ್ತಿದ್ರು.

ಆದ್ರೆ ಇದರ ಮೈತುಂಬಾ ತೂತು. ಕಟ್ಟೋ ಜಂಬಿಟ್ಟಿಗೆ ತನ್ನ ತೂಕದ ಶೇ. 12ಕ್ಕಿಂತ ಜಾಸ್ತಿ ನೀರು ಕುಡೀಬಾರದು ಅಂತ ಭಾರತೀಯ ಮಾನಕದಲ್ಲೇ ಇದೆ, ಅಂದ್ರೆ ಅಷ್ಟು ಕುಡಿದ್ರೂ ಅದು ಒಳ್ಳೇ ಕಲ್ಲೇ. ಒಳ್ಳೆ ಗ್ರಾನೈಟು ಶೇ. 1ರಷ್ಟೂ ಕುಡಿಯಲ್ಲ. ಈಗ ನಮ್ಮನೆ ಪಂಚಾಂಗ, ಅಂದ್ರೆ ಗೋಡೆ ಬುಡದ ಅಡಿಪಾಯದ ಕಟ್ಟೆ ನೋಡಿ, ನೆಲದಿಂದ ಎರಡೂವರೆ ಅಡಿ ತನಕ ಪೂರಾ ಗ್ರಾನೈಟಿನಂಥ ಗಟ್ಟಿ ಕಾಡುಗಲ್ಲು, ಜಂಬಿಟ್ಟಿಗೆ ಶುರುವಾಗೋದೇ ಅದರ ಮೇಲಿಂದ. ದೀಪದ ಬತ್ತಿಯಲ್ಲಿ ಎಣ್ಣೆ ಏರೋ ಹಂಗೆ ಸಣ್ಣ ತೂತುಗಳಲ್ಲಿ ನೀರು ತಾನಾಗೇ ಮೇಲಕ್ಕೆ ಏರುತ್ತೆ, ಕಾಡುಗಲ್ಲಲ್ಲಿ ಏರೋಕೆ ದಾರಿ ಇಲ್ಲ. ಕಟ್ಟಿದ ಅಜ್ಜಂದಿರಿಗೆ ಈ ಲೆಕ್ಕ ಪಕ್ಕಾ ಗೊತ್ತಿತ್ತು ಅನ್ನೋದರಲ್ಲಿ ನನಗೆ ಅನುಮಾನವೇ ಇಲ್ಲ.

ಆದ್ರೂ ಕಲ್ಲಿನ ಸಂದಿಯಲ್ಲಿ ಸ್ವಲ್ಪ ನೀರು ಏರೇ ಏರುತ್ತೆ, ಹೊರಗಿನ ಎರಚಲು ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ ಮಳೆ, ನಮ್ಮದು ಅದಕ್ಕಿಂತ ಕಡಿಮೆ, ಆದ್ರೂ ಜೂನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗಲ್ಲ. ಒಳಗೆ ಬಂದ ನೀರನ್ನ ಹೊರಗೆ ಕಳಿಸ್ತಿದ್ದಿದ್ದು ಗಾರೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿ, ಮರಳು, ಬೆಲ್ಲದ ನೀರು ಸೇರಿಸಿ ಅರೆದು ಬಳೀತಿದ್ರು, ಅದು ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡನ್ನ ನಿಧಾನಕ್ಕೆ ಹೀರ್ಕೊಂಡು ಮತ್ತೆ ಸುಣ್ಣದಕಲ್ಲಾಗುತ್ತೆ. ಕಲ್ಲೇ, ಆದ್ರೆ ಸಣ್ಣ ಸಣ್ಣ ತೂತಿರೋ ಕಲ್ಲು, ಗೋಡೆಯ ತೇವ ಅದರ ಮೂಲಕ ಆವಿಯಾಗಿ ಹೋಗುತ್ತೆ. ನಾವು ಮಾಡಿದ್ದೇನಪ್ಪಾ ಅಂದ್ರೆ ಆ ದಾರೀನೇ ಸಿಮೆಂಟಲ್ಲಿ ಮುಚ್ಚಿಬಿಟ್ವಿ. ಕೆಳಗೆ ಹೊರಗೆ ಹೋಗೋಕಾಗದ ನೀರು ಇನ್ನೂ ಮೇಲಕ್ಕೆ ಏರಿತು, ಉಪ್ಪನ್ನೂ ಜೊತೆಗೆ ತಂತು. ಗೋಡೆ ಮೇಲೆ ಬಿಳೀ ಬೂಜಿನ ಹಂಗೆ ಕಂಡಿದ್ದು ಬೂಜಲ್ಲ, ಉಪ್ಪು.

ಮಾಡಿನ ಕಥೆಯೂ ನೀರಿನದೇ. ಮೊದಲು ಸೋಗೆ ಹೊದಿಕೆ ಇತ್ತಂತೆ. 1865ರಲ್ಲಿ ಬಾಸೆಲ್ ಮಿಷನ್ನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಹಂಚು ನಿಧಾನಕ್ಕೆ ಘಟ್ಟ ಹತ್ತಿತು. ಒಂದರ ಅಂಚು ಇನ್ನೊಂದರ ಸಣ್ಣ ಕಾಲುವೆಯಂಥ ತಗ್ಗಿಗೆ ಕಚ್ಕೊಳ್ಳುತ್ತೆ, ನೀರು ಒಳಗೆ ಬರಲ್ಲ, ಗಾಳಿ ಮಾತ್ರ ಆಡುತ್ತೆ. ಮುಚ್ಚಿಗೆ ಹಲಗೆ ಮೇಲೆ ಒಂದು ಗೇಣು ಮಣ್ಣು ಹಾಕಿದ್ದಾರೆ, ಏಪ್ರಿಲ್ ಬಿಸಿಲು ಕೆಳಗೆ ಇಳಿಯಲ್ಲ, ಸೋಗೆ ಕಾಲದಲ್ಲಿ ಬೆಂಕಿ ಬಿದ್ರೂ ಕೆಳಗಿನ ಮನೆ ಉಳೀತಿತ್ತು. ಒಲೆ ಹೊಗೆ ಅಟ್ಟಕ್ಕೆ ಏರಿ ಮಾಡು ಹೊರೋ ಮರದ ಪಕಾಸಿ ಎಲ್ಲಾ ಕಪ್ಪಾಗಿದೆ, ಅಜ್ಜಿ ಅದನ್ನ ಒರೆಸೋಕೆ ಯಾರನ್ನೂ ಬಿಡ್ತಿರಲಿಲ್ಲ. ಹೊಗೆಯಲ್ಲಿರೋ ಫೀನಾಲ್ ಥರದ ವಸ್ತುಗಳು ಹುಳ, ಬೂಷ್ಟು ಎರಡನ್ನೂ ದೂರ ಇಡುತ್ತೆ, ಅಡುಗೆಮನೆ ಮೇಲಿನ ಹಲಸಿನ ಮರಕ್ಕೆ ಇವತ್ತಿಗೂ ಒಂದು ತೂತಿಲ್ಲ. ಗ್ಯಾಸ್ ಬಂದಮೇಲೆ ಹಾಕಿದ ಹೊಸ ಪಕಾಸಿಯನ್ನ ಹುಳ ತಿಂದು ಹುಡಿ ಉದುರಿಸ್ತಿದೆ.

ಹೋದ ವರ್ಷ ಶಿವರಾತ್ರಿ ಕಳೆದ್ಮೇಲೆ ಸಿಮೆಂಟ್ ಕೀಳಿಸೋಕೆ ಶುರು ಮಾಡಿದ್ವಿ. ಸುತ್ತಿಗೆಯಲ್ಲಿ ಬಡಿದ್ರೆ ಡಬ್ ಡಬ್ ಅಂತ ಪೊಳ್ಳು ಸದ್ದು, ಒಂದು ದೊಡ್ಡ ಚಕ್ಕೆ ಬಿತ್ತು, ಹಿಂದೆ ಕಲ್ಲು ನೆನೆದು ಬಾಳೆಕಾಯಿ ಬೇಯಿಸಿದ ಹಂಗಾಗಿತ್ತು, ಉಗುರಲ್ಲಿ ಕೆರೆದ್ರೆ ಕೆಂಪು ಹುಡಿ. ದೊಡ್ಡಪ್ಪ ಕೈಯಲ್ಲಿ ಮುಟ್ಟಿ ನೋಡಿ ಒಂದು ಮಾತೂ ಆಡದೆ ಜಗಲಿಗೆ ಹೋಗಿ ಕೂತ್ರು. ಆ ಬೇಸಿಗೆ ಪೂರ್ತಿ ಗೋಡೇನ ಬೆತ್ತಲೆ ಬಿಟ್ವಿ, ಆಮೇಲೆ ಸುಣ್ಣದ ಗಾರೆ ಅರೆಯೋದು ಗೊತ್ತಿರೋ ಒಬ್ಬ ವಯಸ್ಸಾದವರನ್ನ ಹುಡುಕಿ ಕರ್ಕೊಂಡು ಬಂದ್ವಿ, "ಅವಸರ ಮಾಡ್ಬೇಡಿ ಅಯ್ಯಾ, ತೆಳ್ಳಗೆ ಮೂರು ಸಲ ಬಳಿಯುವಾ" ಅಂದ್ರು, ಹಂಗೇ ಬಳಿದ್ರು.

ಈ ಶ್ರಾವಣದ ಗೀಟು ಮೊಣಕಾಲಿಗಿಂತ ಕೆಳಗಿದೆ. ಪಡುವಣ ಕೋಣೆಯಲ್ಲಿ ಸಿಮೆಂಟ್ ಇನ್ನೂ ಹಂಗೇ ಇದೆ, ಮಳೆ ನಿಂತ್ಮೇಲೆ ಅದನ್ನೂ ಕೀಳಿಸ್ಬೇಕು.