ಸಹಯೋಗಕ್ಕೆ ನೆರವಾಗುವ ಸ್ವಾಯತ್ತ ಏಜೆಂಟ್‌ಗಳು: ಯಾವಾಗ ನಿರ್ಧರಿಸಬೇಕು, ಯಾವಾಗ ಕೇಳಬೇಕು?

ಯಾವ ಕಂಪ್ಯೂಟರ್ ಪ್ರೋಗ್ರಾಂ ಆದರೂ ನಮ್ಮ ಪರವಾಗಿಯೇ ಕೆಲಸ ಮಾಡುತ್ತದೆ, ಆದರೆ ಎಲ್ಲವನ್ನೂ ಏಜೆಂಟ್ ಎಂದು ಕರೆಯುವುದಿಲ್ಲ. ಸಂಶೋಧಕರಾದ ಮೈಕೆಲ್ ವುಲ್ಡ್ರಿಜ್ ಮತ್ತು ನಿಕೊಲಸ್ ಜೆನ್ನಿಂಗ್ಸ್ 1995ರಲ್ಲಿ ಏಜೆಂಟ್‌ಗೆ ನಾಲ್ಕು ಗುಣಗಳನ್ನು ಹೇಳಿದರು. ಪ್ರತಿ ಹೆಜ್ಜೆಗೂ ಅಪ್ಪಣೆಗೆ ಕಾಯದೆ ನಡೆಯುವ ಸ್ವಾಯತ್ತತೆ, ಪರಿಸರದ ಬದಲಾವಣೆಗೆ ತಕ್ಕ ಸಮಯದಲ್ಲಿ ಸ್ಪಂದಿಸುವುದು, ಗುರಿಯೊಂದನ್ನು ಇಟ್ಟುಕೊಂಡು ತಾನಾಗಿಯೇ ಮುಂದಾಗುವುದು, ಇತರ ಏಜೆಂಟ್‌ಗಳೊಡನೆಯೂ ಮನುಷ್ಯರೊಡನೆಯೂ ವ್ಯವಹರಿಸಬಲ್ಲ ಸಾಮಾಜಿಕ ಸಾಮರ್ಥ್ಯ. ಪರೀಕ್ಷೆಗೆ ಓದುವವರು ಈ ನಾಲ್ಕನ್ನೂ ಬಾಯಿಪಾಠ ಮಾಡಿಕೊಳ್ಳುತ್ತಾರೆ. ಆದರೆ ಏಜೆಂಟ್ ಒಬ್ಬರಿಗಾಗಿ ಅಲ್ಲದೆ ಒಂದು ತಂಡಕ್ಕಾಗಿ ಕೆಲಸ ಮಾಡತೊಡಗಿದಾಗ ಮೊದಲ ಗುಣಕ್ಕೂ ಕೊನೆಯ ಗುಣಕ್ಕೂ ತಿಕ್ಕಾಟ ಶುರುವಾಗುತ್ತದೆ ಎಂಬುದನ್ನು ಗಮನಿಸುವವರು ಕಡಿಮೆ. ಈ ಟಿಪ್ಪಣಿಯಲ್ಲಿ ಆ ತಿಕ್ಕಾಟವನ್ನೇ ಹಿಡಿದು ವಿಷಯವನ್ನು ಬಿಡಿಸಿ ನೋಡಲು ಪ್ರಯತ್ನಿಸಿದ್ದೇನೆ.

ಏಜೆಂಟ್‌ಗಳು ತಮ್ಮ ತಮ್ಮೊಳಗೆ ಕೆಲಸ ಹಂಚಿಕೊಳ್ಳುವ ವಿಧಾನ ಅಷ್ಟು ಕಷ್ಟದ್ದಲ್ಲ. ರೀಡ್ ಸ್ಮಿತ್ 1980ರಲ್ಲಿ ಪ್ರಕಟಿಸಿದ ಕಾಂಟ್ರಾಕ್ಟ್ ನೆಟ್ ಪ್ರೋಟೋಕಾಲ್ (ಪ್ರೋಟೋಕಾಲ್ ಎಂದರೆ ಪರಸ್ಪರ ವ್ಯವಹರಿಸುವ ನಿಯಮಾವಳಿ) ಟೆಂಡರ್ ಕರೆಯುವ ಕ್ರಮವನ್ನೇ ಹೋಲುತ್ತದೆ: ಕೆಲಸ ಮಾಡಿಸಬೇಕಾದ ಏಜೆಂಟ್ ಅದನ್ನು ಪ್ರಕಟಿಸುತ್ತದೆ, ಸಾಮರ್ಥ್ಯವಿರುವ ಏಜೆಂಟ್‌ಗಳು ಬಿಡ್ ಸಲ್ಲಿಸುತ್ತವೆ, ಸೂಕ್ತವೆನಿಸಿದ ಬಿಡ್‌ಗೆ ಗುತ್ತಿಗೆ ಸಿಗುತ್ತದೆ. ಯಂತ್ರಗಳ ನಡುವೆ ಇದು ಚೆನ್ನಾಗಿ ನಡೆಯುತ್ತದೆ, ಏಕೆಂದರೆ ಯಂತ್ರಕ್ಕೆ ಕಾದು ಕಾದು ಬೇಸರವಾಗುವುದಿಲ್ಲ, ತನ್ನನ್ನು ಕೇಳದೆ ಕೆಲಸ ಒಪ್ಪಿಸಿದರೆಂದು ನೋವೂ ಆಗುವುದಿಲ್ಲ. ಮನುಷ್ಯರು ನಡುವೆ ಬಂದ ಕೂಡಲೇ ಲೆಕ್ಕ ಬದಲಾಗುತ್ತದೆ.

ಈ ದಿಕ್ಕಿನಲ್ಲಿ ನೆನಪಿಡಬೇಕಾದ ಹೆಸರು ಎಂಐಟಿ ಮೀಡಿಯಾ ಲ್ಯಾಬ್‌ನ ಪ್ಯಾಟಿ ಮೇಸ್ ಅವರದು. ಇಮೇಲ್ ವಿಂಗಡಿಸುವ, ಸಭೆಗಳಿಗೆ ಸಮಯ ಗೊತ್ತುಮಾಡುವ ಏಜೆಂಟ್‌ಗಳ ಬಗ್ಗೆ ಅವರು 1994ರಲ್ಲಿ ಬರೆದರು. ಬಳಕೆದಾರರು ಏನು ಮಾಡುತ್ತಾರೆಂದು ಏಜೆಂಟ್ ನೋಡುತ್ತ ಕಲಿಯುತ್ತದೆ, ಪ್ರತಿ ಊಹೆಗೂ ತನಗೆಷ್ಟು ಭರವಸೆಯಿದೆ ಎಂದು ಲೆಕ್ಕ ಹಾಕುತ್ತದೆ. ಬಳಕೆದಾರರು ಎರಡು ಮಿತಿಗಳನ್ನು ನಿಗದಿ ಮಾಡುತ್ತಾರೆ: ಭರವಸೆ ಕೆಳಗಿನ ಮಿತಿ ದಾಟಿದರೆ ಏಜೆಂಟ್ ಸಲಹೆ ಕೊಡಬಹುದು, ಮೇಲಿನ ಮಿತಿಯನ್ನೂ ದಾಟಿದರೆ ಕೇಳದೆಯೇ ಕೆಲಸ ಮಾಡಬಹುದು. ಎಷ್ಟು ಸ್ವಾತಂತ್ರ್ಯ ಕೊಡಬೇಕೆಂಬ ತೀರ್ಮಾನ ಮನುಷ್ಯರ ಕೈಯಲ್ಲೇ ಉಳಿಯುವುದರಿಂದ ಈ ವ್ಯವಸ್ಥೆ ನನಗೆ ಇಂದಿಗೂ ಮೆಚ್ಚುಗೆಯಾಗುತ್ತದೆ. ಆದರೆ ಇದರಲ್ಲಿ ಒಂದು ಕೊರತೆಯಿದೆ: ಏಜೆಂಟ್‌ನ ಭರವಸೆಯನ್ನು ಅಳೆಯುತ್ತೇವೆಯೇ ಹೊರತು ತಪ್ಪಿನ ಬೆಲೆಯನ್ನು ಅಳೆಯುವುದಿಲ್ಲ. ಒಂದು ಇಮೇಲ್ ತಪ್ಪು ಕಡತಕ್ಕೆ ಸೇರಿದರೆ ಮತ್ತೆ ಹುಡುಕಿ ತೆಗೆಯಬಹುದು, ಆರು ಜನರ ಸಭೆ ತಪ್ಪಾಗಿ ರದ್ದಾದರೆ ಅದನ್ನು ಹಾಗೆ ಸರಿಪಡಿಸಲಾಗದು.

ಈ ಕೊರತೆ ಎಷ್ಟು ದೊಡ್ಡದೆಂದು ಪ್ರತ್ಯಕ್ಷವಾಗಿ ಕಂಡದ್ದು 2000ದಲ್ಲಿ, ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿ. ಮಿಲಿಂದ್ ತಾಂಬೆ ಮತ್ತು ಸಹೋದ್ಯೋಗಿಗಳ ‘ಎಲೆಕ್ಟ್ರಿಕ್ ಎಲ್ವ್ಸ್’ ಯೋಜನೆಯಲ್ಲಿ ಸಂಶೋಧಕರಿಗೆ ತಲಾ ಒಂದೊಂದು ಪ್ರತಿನಿಧಿ ಏಜೆಂಟ್ ಇತ್ತು, ಅದರ ಹೆಸರು ‘ಫ್ರೈಡೇ’. ಸಭೆಯನ್ನು ಮುಂದೂಡುವುದು, ಯಾರು ವಿಷಯ ಮಂಡಿಸಬೇಕೆಂದು ಗೊತ್ತುಮಾಡುವುದು, ಊಟ ತರಿಸುವುದು ಅದರ ಕೆಲಸಗಳು. ಇದು ಪ್ರಯೋಗಾಲಯದ ಅನುಕರಣೆಯಾಗಿರಲಿಲ್ಲ, ಸಂಶೋಧಕರು ತಮ್ಮ ನಿಜವಾದ ದಿನಚರಿಯನ್ನೇ ಅದಕ್ಕೆ ಒಪ್ಪಿಸಿ ತಿಂಗಳುಗಟ್ಟಲೆ ಬದುಕಿದರು. ಆರಂಭದಲ್ಲಿ ಯಾವಾಗ ಕೇಳಬೇಕು, ಯಾವಾಗ ತಾನೇ ನಿರ್ಧರಿಸಬೇಕು ಎಂಬುದನ್ನು ಏಜೆಂಟ್ ಹಳೆಯ ಉದಾಹರಣೆಗಳಿಂದ ನಿರ್ಣಯ ವೃಕ್ಷದ ರೂಪದಲ್ಲಿ, ಅಂದರೆ ‘ಹೀಗಿದ್ದರೆ ಹೀಗೆ ಮಾಡು’ ಎಂದು ಕವಲೊಡೆಯುವ ನಿಯಮಗಳಾಗಿ ಕಲಿಯುತ್ತಿತ್ತು. ಪರಿಣಾಮಗಳನ್ನು ಅವರೇ ಪ್ರಾಮಾಣಿಕವಾಗಿ ದಾಖಲಿಸಿದ್ದಾರೆ. ಒಂದು ಏಜೆಂಟ್ ವಿಭಾಗದ ನಿರ್ದೇಶಕರೊಡನೆ ಇದ್ದ ಸಭೆಯನ್ನೇ ರದ್ದು ಮಾಡಿತು. ಇನ್ನೊಂದು, ಉತ್ತರಕ್ಕೆ ಕಾಯುವ ಅವಧಿ ಮುಗಿಯಿತೆಂದು ವಾರದ ಸಂಶೋಧನಾ ಸಭೆಯನ್ನು ತಪ್ಪಾಗಿ ಕೈಬಿಟ್ಟಿತು. ಮತ್ತೊಂದು ಏಜೆಂಟ್ ಒಂದೇ ಸಭೆಯನ್ನು ಐದೈದು ನಿಮಿಷದಂತೆ ಸುಮಾರು 50 ಬಾರಿ ಮುಂದೂಡಿತು.

ಈ ಕೊನೆಯ ಉದಾಹರಣೆಯಲ್ಲಿ ತುಸು ನಿಲ್ಲೋಣ. ತನ್ನ ಯಜಮಾನರು ಬರಲು ತಡವಾದರೆ ಸಭೆಯನ್ನು ಸ್ವಲ್ಪ ಮುಂದೂಡು ಎಂಬ ನಿಯಮವನ್ನು ಆ ಏಜೆಂಟ್ ಸರಿಯಾಗಿಯೇ ಕಲಿತಿತ್ತು, ಪ್ರತಿ ಬಾರಿಯೂ ಸರಿಯಾಗಿಯೇ ಅನ್ವಯಿಸಿತು. ಅದು ಕಾಣದೇ ಹೋದದ್ದು ಉಳಿದವರನ್ನು. ಅಂದರೆ ಒಂದೊಂದು ಹೆಜ್ಜೆಯೂ ಸರಿಯಾಗಿದ್ದು ಒಟ್ಟು ನಡೆ ತಂಡಕ್ಕೆ ಅಸಹನೀಯವಾಗಬಹುದು.

ಇದೇ ಯೋಜನೆಯ ಪಾಲ್ ಸ್ಕೆರಿ, ಡೇವಿಡ್ ಪೈನಾಡತ್ ಮತ್ತು ತಾಂಬೆ ಕಂಡುಕೊಂಡ ಪರಿಹಾರ, ಒಂದೇ ಒಂದು ನಿರ್ಣಯದ ಬದಲು ಏಜೆಂಟ್ ಮತ್ತು ಮನುಷ್ಯರ ನಡುವೆ ನಿಯಂತ್ರಣವನ್ನು ಹಸ್ತಾಂತರಿಸುವ ಕ್ರಮವೊಂದನ್ನು ಯೋಜಿಸುವುದು. ಇದನ್ನು ನನ್ನದೇ ಸಣ್ಣ ಲೆಕ್ಕದಿಂದ ವಿವರಿಸುತ್ತೇನೆ. ಆರು ಜನರ ಸಭೆ, ಒಬ್ಬರು ಬಂದಿಲ್ಲ, ಅವರ ಏಜೆಂಟ್ ಕೇಳಿದ ಪ್ರಶ್ನೆಗೆ ಉತ್ತರವಿಲ್ಲ. ಏಜೆಂಟ್ ಸುಮ್ಮನೆ 10 ನಿಮಿಷ ಕಾದರೆ ಉಳಿದ ಐವರ ಒಟ್ಟು 50 ನಿಮಿಷ ವ್ಯರ್ಥವಾಗುತ್ತದೆ. ತಕ್ಷಣ ರದ್ದು ಮಾಡಿದರೆ, ಆ ವ್ಯಕ್ತಿ ಬಾಗಿಲಲ್ಲೇ ಇದ್ದಿರಬಹುದು. ‘15 ನಿಮಿಷ ತಡವಾಗುತ್ತದೆ’ ಎಂದು ಸಾರಿದರೆ ಐವರೂ ತಮ್ಮ ತಮ್ಮ ಕೆಲಸಕ್ಕೆ ಮರಳಬಹುದು, ಏಜೆಂಟ್‌ಗೂ ಇನ್ನೊಮ್ಮೆ ಕೇಳಲು ಸಮಯ ಸಿಗುತ್ತದೆ. ಆದರೆ ಎರಡನೆಯ ಮುಂದೂಡಿಕೆಗೆ ಮೊದಲನೆಯದಕ್ಕಿಂತ ಹೆಚ್ಚು ಬೆಲೆ ಕಟ್ಟಬೇಕು, ಮೂರನೆಯದಕ್ಕೆ ಇನ್ನೂ ಹೆಚ್ಚು. ಹೀಗೆ ಕೇಳು, ಮುಂದೂಡು, ಮತ್ತೆ ಕೇಳು, ಕೊನೆಗೆ ನಿರ್ಧರಿಸು ಎಂಬ ಸರಣಿ ಹುಟ್ಟುತ್ತದೆ. ಇಂಥ ಸರಣಿಗಳಲ್ಲಿ ಯಾವುದು ಒಳ್ಳೆಯದೆಂದು ಅಳೆಯಲು ಅವರು ಮಾರ್ಕೋವ್ ನಿರ್ಣಯ ಪ್ರಕ್ರಿಯೆ ಎಂಬ ಗಣಿತದ ಮಾದರಿಯನ್ನು ಬಳಸಿದರು. ಇದರಲ್ಲಿ ಮುಂದಿನ ಸ್ಥಿತಿಗಳ ಸಂಭವನೀಯತೆಯೂ ಪ್ರತಿ ಕ್ರಿಯೆಯ ಲಾಭ ನಷ್ಟವೂ ಒಟ್ಟಿಗೆ ಲೆಕ್ಕಕ್ಕೆ ಬರುತ್ತವೆ. ಐವತ್ತು ಬಾರಿ ಮುಂದೂಡುವ ನಡೆ ಈ ಲೆಕ್ಕದಲ್ಲಿ ಉಳಿಯಲಾರದು.

ಇನ್ನೊಂದು ಪರಿಕಲ್ಪನೆಯನ್ನು ಇದರ ಜೊತೆಗೇ ಓದಬೇಕು. ಫಿಲಿಪ್ ಕೋಹೆನ್ ಮತ್ತು ಹೆಕ್ಟರ್ ಲೆವೆಸ್ಕ್ 1990ರ ದಶಕದ ಆರಂಭದಲ್ಲಿ ರೂಪಿಸಿದ ಜಂಟಿ ಉದ್ದೇಶದ ಸಿದ್ಧಾಂತದ ಪ್ರಕಾರ, ಗುರಿ ಈಡೇರಿದೆ, ಇನ್ನು ಈಡೇರದು ಅಥವಾ ಇನ್ನು ಬೇಕಿಲ್ಲ ಎಂದು ತಂಡದ ಒಬ್ಬ ಸದಸ್ಯರಿಗೆ ಮಾತ್ರ ತಿಳಿದಾಗ ಅವರ ಹೊಣೆ ಮುಗಿಯುವುದಿಲ್ಲ, ಆ ತಿಳಿವು ಎಲ್ಲರಿಗೂ ತಲುಪುವವರೆಗೆ ಉಳಿದಿರುತ್ತದೆ. ಯಜಮಾನರು ಬರುವುದಿಲ್ಲವೆಂದು ಗೊತ್ತಾದ ಏಜೆಂಟ್ ಕ್ಯಾಲೆಂಡರ್‌ನಿಂದ ಸಭೆಯನ್ನು ಅಳಿಸಿ ಸುಮ್ಮನಾದರೆ ಅದು ಯಜಮಾನರ ಕೆಲಸ ಮುಗಿಸಿದೆ, ತಂಡದ ಕೆಲಸವನ್ನಲ್ಲ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಓದಿದವುಗಳಲ್ಲಿ ಅತ್ಯಂತ ಉಪಯುಕ್ತವಾದ ಮಾತು ಇದೇ.

ಇಂದಿನ ಏಜೆಂಟ್‌ಗಳ ಹಿಂದೆ ದೊಡ್ಡ ಭಾಷಾ ಮಾದರಿಗಳಿವೆ, ಅಂದರೆ ಅಪಾರ ಪಠ್ಯದಿಂದ ಕಲಿತು ಮಾತನ್ನು ಗ್ರಹಿಸಿ ಉತ್ತರಿಸುವ ಪ್ರೋಗ್ರಾಂಗಳು. ಹಿಂದೆ ನಿಯಮಗಳಲ್ಲಿ ಬರೆಯಬೇಕಾಗಿದ್ದ ಸೂಚನೆಯನ್ನು ಈಗ ಸಾಮಾನ್ಯ ಮಾತಿನಲ್ಲೇ ಹೇಳಬಹುದು. ಸಂಪರ್ಕದ ಪ್ರೋಟೋಕಾಲ್‌ಗಳೂ ಬಂದಿವೆ: ಆಂಥ್ರೋಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಎಂಸಿಪಿ (ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್), ಮಾದರಿಗಳನ್ನು ಹೊರಗಿನ ಸಾಧನಗಳಿಗೂ ಮಾಹಿತಿಗೂ ಜೋಡಿಸುತ್ತದೆ. ಗೂಗಲ್ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಎ2ಎ (ಏಜೆಂಟ್ ಟು ಏಜೆಂಟ್), ಏಜೆಂಟ್‌ಗಳನ್ನು ಒಂದಕ್ಕೊಂದು ಜೋಡಿಸುತ್ತದೆ. ಎ2ಎ ಪ್ರೋಟೋಕಾಲ್‌ನಲ್ಲಿ ಒಂದು ಕೆಲಸಕ್ಕೆ ಇರಬಹುದಾದ ಸ್ಥಿತಿಗಳಲ್ಲಿ ‘ನಡೆಯುತ್ತಿದೆ’, ‘ಮುಗಿದಿದೆ’ ಎಂಬವುಗಳ ಜೊತೆಗೆ ‘ಮುಂದುವರಿಯಲು ಇನ್ನಷ್ಟು ಮಾಹಿತಿ ಬೇಕು’ ಎಂಬ ಸ್ಥಿತಿಯೂ ಸೇರಿದೆ. ಕೇಳುವುದಕ್ಕೆ ಹೀಗೆ ಜಾಗವೇನೋ ಸಿಕ್ಕಿದೆ. ಯಾವ ಹೊತ್ತಿನಲ್ಲಿ ಆ ಸ್ಥಿತಿಗೆ ಬಂದು ನಿಲ್ಲಬೇಕು, ಉತ್ತರ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು, ಅಷ್ಟರಲ್ಲಿ ಕಾಯುತ್ತಿರುವ ಉಳಿದವರಿಗೆ ಏನು ಹೇಳಬೇಕು ಎಂಬುದನ್ನು ಪ್ರೋಟೋಕಾಲ್ ಹೇಳುವುದಿಲ್ಲ, ಅದನ್ನು ಏಜೆಂಟ್ ಕಟ್ಟುವವರೇ ಕುಳಿತು ಬರೆಯಬೇಕು.